ವರಾಂಡದ ಫ್ರೀಜರ್

ಆ ತಾಯಿ ವರ್ಷಕ್ಕೊಮ್ಮೆ ಫೋನ್ ಮಾಡಿ ಒಂದೇ ಮಾತು ಕೇಳುತ್ತಿದ್ದರು: “ಮೇಡಂ, ಆ ಮಿಷನ್ ಬಂತಾ?”

ಕುಂದಾಪುರದ ಕಡೆಯವರು. ಗಂಡ ಮೈಲಾಪೂರಿನಲ್ಲಿ ಸಣ್ಣದೊಂದು ಸಸ್ಯಾಹಾರಿ ಹೋಟೆಲು ನಡೆಸುತ್ತಾರೆ. ಅವರ ಮಗ ಆರು ವರ್ಷದವನಿದ್ದಾಗ ತೀರಿಕೊಂಡ. ಮೊದಲು ನಡೆಯಲು ಆಗಲಿಲ್ಲ, ಆಮೇಲೆ ನುಂಗಲು, ಕೊನೆಗೆ ಉಸಿರಾಡಲು. ತಾಯಿಯ ಅಣ್ಣನೂ ಚಿಕ್ಕಂದಿನಲ್ಲಿ ಹಾಗೇ ಹೋಗಿದ್ದನಂತೆ. ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವ ರೋಗವೆಂಬ ಅಂದಾಜಷ್ಟೇ, ಯಾವುದೆಂದು ಯಾರಿಗೂ ತಿಳಿಯಲಿಲ್ಲ.

ಅದೇ ಊರಿನ ಒಂದು ವಿಶ್ವವಿದ್ಯಾಲಯದ ಪ್ರಯೋಗಾಲಯದ ಉಸ್ತುವಾರಿ ನನ್ನದು. ವಂಶವಾಹಿಗಳನ್ನು ಪೂರ್ತಿಯಾಗಿ ಓದುವ ಯಂತ್ರ ಆಗ ನಮ್ಮಲ್ಲಿರಲಿಲ್ಲ. ಹುಡುಗ ಬದುಕಿದ್ದಾಗ ತೆಗೆದ ರಕ್ತವನ್ನು ಪುಟ್ಟ ಟ್ಯೂಬಿನಲ್ಲಿ ಫ್ರೀಜರಿನೊಳಗಿಟ್ಟು, “ಮಿಷನ್ ಬಂದ್ರೆ ಮೊದಲು ನಿಮ್ಮದೇ ನೋಡ್ತೀನಿ” ಅಂದಿದ್ದೆ. ಮೈಸೂರು ಕಡೆಯವಳು ನಾನು. ಈ ತಮಿಳು ಊರಲ್ಲಿ ಕನ್ನಡ ಕಿವಿಗೆ ಬಿದ್ದರೆ ಸಾಕು, ಕೊಡಬಾರದ ಮಾತನ್ನೆಲ್ಲ ಕೊಟ್ಟುಬಿಡುತ್ತೇನೆ. ಆಮೇಲೆ ಹೊರಗಿನ ಲ್ಯಾಬಿಗೆ ಕಳಿಸಬಹುದಿತ್ತು. ಇದ್ದದ್ದು ಒಂದೇ ಸಲಕ್ಕಾಗುವಷ್ಟು ರಕ್ತ, ನಮ್ಮ ಕೈಯಲ್ಲೇ ಓದೋಣವೆಂದು ಹಟ ಹಿಡಿದವಳೂ ನಾನೇ.

ಒಂದು ವಿಭಾಗ ಕೇಳಿದರೆ ಸಿಗುವ ಯಂತ್ರವಲ್ಲ ಅದು. ಆರು ವಿಭಾಗಗಳು ಹಂಚಿಕೊಂಡು ಬಳಸುತ್ತೇವೆಂದು ಬರೆದುಕೊಟ್ಟರೆ ಮಾತ್ರ ಮಂಜೂರು. ಆರು ಮುಖ್ಯಸ್ಥರ ಸಹಿಗಾಗಿ ಎರಡು ವರ್ಷ ಅಲೆದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಒಬ್ಬರ ಟೇಬಲ್ ಮೇಲೆ ಕಡತ ಎಸೆದು ಬಂದದ್ದೂ ಉಂಟು. ಸಹಿ ಹಾಕಿದರೂ ಯಂತ್ರಕ್ಕೆ ತಮ್ಮ ಕೋಣೆ ಬಿಟ್ಟುಕೊಡಲು ಯಾರಿಗೂ ಮನಸ್ಸಿಲ್ಲ. ಕೊನೆಗೆ ನಮ್ಮ ಫ್ರೀಜರ್ ಕೋಣೆಯನ್ನೇ ಕೊಟ್ಟೆ. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಹಾಗೆ ಯಂತ್ರ ಹೊರಡುವ ಮೊದಲೇ ಬಣ್ಣ ಬಳಿಸಿ, ಎ.ಸಿ. ಹಾಕಿಸಿದೆವು. ಬೇಕಾದವರು ತಮ್ಮ ಮಾದರಿಗಳನ್ನು ಬೇರೆಡೆಗೆ ಸಾಗಿಸಿಕೊಂಡರು. ಯಾರೂ ಕೇಳದ ಹಳೆಯ ಟ್ಯೂಬುಗಳಿದ್ದ ಒಂದು ಫ್ರೀಜರ್ ಮಾತ್ರ ವರಾಂಡಕ್ಕೆ ಬಂತು. ಹುಡುಗನ ರಕ್ತ ಅದರಲ್ಲಿತ್ತು.

ಯಂತ್ರ ಆಯುಧಪೂಜೆಗೆ ಸರಿಯಾಗಿ ಬಂತು. ರಜೆಯ ಹಿಂದಿನ ದಿನವೇ ಕಚೇರಿಯಲ್ಲಿ ಪೂಜೆ ಮುಗಿಸಿಬಿಡುವುದು ನಮ್ಮ ಪದ್ಧತಿ. ಬಾಗಿಲಿಗೆ ಬಾಳೆಕಂದು, ಯಂತ್ರಕ್ಕೆ ಕುಂಕುಮ, ಒಡೆಯಲು ಬೂದುಗುಂಬಳ, ಹಂಚಲು ಕಡ್ಲೆಪುರಿ, ಎಲ್ಲ ತಯಾರಿತ್ತು. ಬಣ್ಣದ ದೀಪಗಳ ಸೀರಿಯಲ್ ಸೆಟ್ಟಿಗೆ ಮಾತ್ರ ಪ್ಲಗ್ ಪಾಯಿಂಟ್ ಇಲ್ಲ. ಅಟೆಂಡರ್ ತಂತಿ ಹಿಡಿದು ಅತ್ತಿತ್ತ ನೋಡುತ್ತಿದ್ದರು, ಮುಖ್ಯಸ್ಥರು ಫೋಟೋಕ್ಕೆ ಕಾಯುತ್ತಿದ್ದರು. ನನಗೆ ರೇಗಿತು. ತಂತಿ ಕಿತ್ತುಕೊಂಡು, ಫ್ರೀಜರಿನ ಪ್ಲಗ್ ತೆಗೆದು ದೀಪದ್ದನ್ನು ನಾನೇ ಸಿಕ್ಕಿಸಿದೆ. ಹತ್ತು ನಿಮಿಷಕ್ಕೆ ತಾನೇ ಅಂದುಕೊಂಡೆ. ಕುಂಬಳಕಾಯಿ ಒಡೆದಾಯಿತು, ಪುರಿ ಹಂಚಿದ್ದಾಯಿತು, ಹೊರಡುವಾಗ ಯಾರೋ ದೀಪ ಆರಿಸಿದರು. ಆಯುಧಪೂಜೆ, ವಿಜಯದಶಮಿ, ಶನಿವಾರ, ಭಾನುವಾರ. ನಾಲ್ಕು ದಿನ ಬಾಗಿಲಿಗೆ ಬೀಗ.

ಭಾನುವಾರ ಬೆಸೆಂಟ್ ನಗರದ ಮನೆಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದಾಗ ಆ ತಾಯಿಯ ಫೋನು. ಅವರ ಮಗಳು ಮದುವೆಯಾಗಿ ಈಗ ಬಸುರಿ, ಮೂರು ತಿಂಗಳು ತುಂಬಿದೆಯಂತೆ.

“ಗಂಡು ಮಗು ಆದ್ರೆ ಎಂತ ಮಾಡುದು ಮೇಡಂ? ನಂಗೆ ನಿದ್ದೆ ಬರುದಿಲ್ಲ. ಮಿಷನ್ ಬಂತಾ?”

“ಬಂತಮ್ಮ. ಜೋಡಿಸಿದ ತಕ್ಷಣ ನಿಮ್ಮದೇ ಹಾಕ್ತೀನಿ. ಧೈರ್ಯವಾಗಿರಿ.”

ಎಷ್ಟು ಹೆಮ್ಮೆಯಿಂದ ಹೇಳಿದೆನೋ. ಹುಡುಗನ ರಕ್ತದಲ್ಲಿ ಕೆಟ್ಟದ್ದು ಯಾವುದೆಂದು ಸಿಕ್ಕರೆ, ಅದು ಮಗಳಲ್ಲೂ ಅವಳ ಹೊಟ್ಟೆಯ ಕೂಸಿನಲ್ಲೂ ಇದೆಯೇ ಎಂದು ನೋಡಬಹುದು. ಸಿಗದಿದ್ದರೆ ಏನನ್ನು ಹುಡುಕಬೇಕೆಂದೇ ಗೊತ್ತಾಗುವುದಿಲ್ಲ.

ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವಳು ನಾನೇ. ವರಾಂಡದಲ್ಲಿ ನೀರು ನಿಂತಿತ್ತು, ಅದರಲ್ಲಿ ನಾಲ್ಕು ಕಾಳು ಪುರಿ ನೆನೆದು ಅಂಟಿಕೊಂಡಿದ್ದವು. ಫ್ರೀಜರಿನ ಬಾಗಿಲು ತೆಗೆದರೆ ಬೆಚ್ಚಗಿನ ಕೊಳೆತ ವಾಸನೆ. ಎಚ್ಚರಿಸುವ ಗಂಟೆಯ ಬ್ಯಾಟರಿ ಸತ್ತು ಎಷ್ಟು ಕಾಲವಾಗಿತ್ತೋ. ಹುಡುಗನ ಟ್ಯೂಬನ್ನು ಎತ್ತಿ ಓರೆ ಮಾಡಿದೆ, ಒಳಗಿನದು ಹರಿಯಿತು. ಪ್ಲಗ್ ಹಾಕಿದೆ, ನೆಲ ಒರೆಸಿದೆ. ಸಂಜೆಗೆ ಫ್ರೀಜರ್ ಏನೂ ಆಗದಂತೆ ಮೈನಸ್ ಎಂಬತ್ತು ತೋರಿಸುತ್ತಿತ್ತು. ಬೇರೆ ಯಾರಾದರೂ ಮಾಡಿದ್ದರೆ ಅವರ ನೀರಿಳಿಸುತ್ತಿದ್ದೆ. ನಾನೇ ಮಾಡಿದ್ದು, ಯಾರಿಗೂ ಹೇಳಲಿಲ್ಲ.

ಯಂತ್ರ ಜೋಡಿಸಲು ಮೂರು ವಾರ ಹಿಡಿಯಿತು. ಮೊದಲ ಸರದಿಗಾಗಿ ಆರು ವಿಭಾಗದವರೂ ಕಿತ್ತಾಡಿದರು. ನಾನು ಜಗಳವಾಡಿ ಹುಡುಗನದನ್ನೂ ಸೇರಿಸಿದೆ. ಒಂದಿಷ್ಟಾದರೂ ಉಳಿದಿರಲಪ್ಪ ಎಂದು ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಬೇರೆಯವರ ಮಾದರಿಗಳನ್ನೆಲ್ಲ ಯಂತ್ರ ಸಲೀಸಾಗಿ ಓದಿತು. ಹುಡುಗನದು ಓದಲಾಗದಷ್ಟು ಚೂರುಚೂರಾಗಿತ್ತು.

ತಾಯಿ ಮಗಳು ಬಂದ ದಿನವನ್ನು ಬರೆಯಲು ನನಗೆ ಇಷ್ಟು ತಿಂಗಳು ಬೇಕಾಯಿತು. ಇದನ್ನು ಬರೆಯುವ ಹೊತ್ತಿಗೆ ಮಗಳಿಗೆ ಇನ್ನು ಹದಿನೈದು ದಿನದಲ್ಲಿ ಹೆರಿಗೆ.

ಅವತ್ತು ಸ್ಟೀಲ್ ಡಬ್ಬಿಯಲ್ಲಿ ನನಗೆಂದು ಗೋಳಿಬಜೆ ತಂದಿದ್ದರು, ಇನ್ನೂ ಬಿಸಿಯಿತ್ತು. ತಾಯಿ ಗಾಜಿನಾಚೆ ಯಂತ್ರವನ್ನು ಕಂಡು ಚಪ್ಪಲಿ ಬಿಟ್ಟು ಕೈಮುಗಿದರು. ಅದರ ಮೇಲೆ ಪೂಜೆಯ ಕುಂಕುಮ ಹಾಗೇ ಇತ್ತು.

“ಸಿಗಲಿಲ್ಲಮ್ಮ. ಆ ರಕ್ತ ಓದೋಕೆ ಆಗ್ತಿಲ್ಲ” ಎಂದೆ.

ತಾಯಿ ಗೋಳಿಬಜೆಯ ಡಬ್ಬಿಯನ್ನು ನನ್ನ ಕಡೆ ಸರಿಸಿಟ್ಟರು. ಆಮೇಲೆ ಮೆಲ್ಲಗೆ, “ನಾನೇ ಮಾಡಿದ್ದು ಮೇಡಂ” ಎಂದರು. “ಆವತ್ತು ನೀವು ಇನ್ನೊಂದು ಸಲ ಸೂಜಿ ಚುಚ್ಚುವ ಅಂದ್ರಿ. ಮಗು ಅಳ್ತಾ ಇತ್ತು, ನಾನು ಬೇಡ ಅಂದೆ. ಅದಕ್ಕೇ ರಕ್ತ ಕಮ್ಮಿ ಆಯ್ತು ಅಲ್ವಾ?”

ಮಗಳು ತಮಿಳಿನಲ್ಲಿ, “ವಿಡುಮ್ಮಾ”, ಬಿಡಮ್ಮ, ಎಂದು ತಾಯಿಯ ಕೈ ಹಿಡಿದುಕೊಂಡಳು. ಅವಳ ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. ತಾಯಿ ನನ್ನ ಮುಖವನ್ನೇ ನೋಡುತ್ತಿದ್ದರು.

ಪ್ಲಗ್ ಕಿತ್ತವಳು ನಾನು ಎಂದು ಹೇಳಬೇಕಿತ್ತು. ಯಾವ ದೊಡ್ಡ ಮನುಷ್ಯರ ಮುಂದೆಯೂ ಬಾಯಿ ಮುಚ್ಚಿ ಗೊತ್ತಿಲ್ಲದವಳು.

“ಹೌದಮ್ಮ” ಎಂದೆ. “ಸ್ವಲ್ಪ ಕಮ್ಮಿಯೇ ಇತ್ತು.”