ಬಾಗಿಲ ಹಿಂದಿನ ಕಿವಿ

ಹೀನಾ ಅತ್ತರಿನ ವಾಸನೆ ಈಗ ಎಲ್ಲಿಯೂ ಸಿಗುವುದಿಲ್ಲ ಎಂದು ನಾನು ನೆಮ್ಮದಿಯಿಂದ ಇದ್ದೆ. ಕಳೆದ ತಿಂಗಳು ಕಲಬುರಗಿಯ ಸಂಗೀತೋತ್ಸವದಲ್ಲಿ, ಮೊದಲ ದಿನದ ಹಾಡು ಮುಗಿದು ಜನ ಕುರ್ಚಿ ಸರಿಸಿ ಏಳುತ್ತಿದ್ದಾಗ, ಅದು ಪಕ್ಕದಲ್ಲೇ ಘಮ್ಮೆಂದಿತು. ಮಳೆ ಬಿದ್ದ ಮಣ್ಣು, ಒಣಗಿದ ಮದರಂಗಿ, ಹಳೆಯ ಪೆಟ್ಟಿಗೆಯೊಳಗಿನ ರೇಷ್ಮೆ, ಇವೆಲ್ಲ ಸೇರಿದಂಥ ಭಾರವಾದ ವಾಸನೆ. ತಿರುಗಿ ನೋಡಿದರೆ ಕಿವಿಯ ಮಡಿಕೆಯಲ್ಲಿ ಅತ್ತರಿನ ಹತ್ತಿ ಸಿಕ್ಕಿಸಿಕೊಂಡ ಮುದುಕರೊಬ್ಬರು ನನ್ನನ್ನೇ ನೋಡಿ ನಗುತ್ತಿದ್ದರು. ಶಹಾಬಾದಿನವರಂತೆ. ನಾನು ಎಲ್ಲಿ ಒಳ್ಳೆಯ ಹಾಡಿಕೆ ಇದ್ದರೂ ಹೋಗಿ ಕೇಳಿ, ಕೇಳಿದ್ದನ್ನು ಮೂವತ್ತು ವರ್ಷದಿಂದ ಪತ್ರಿಕೆಗೆ ಬರೆಯುತ್ತಿದ್ದೇನೆ. ಅದನ್ನೆಲ್ಲ ಅವರು ಕತ್ತರಿಸಿ ಇಟ್ಟುಕೊಂಡಿದ್ದರಂತೆ. "ಹಾಡೋರು ಸ್ವರ ಹಚ್ಚೂದು ನೋಡಬ್ಯಾಡ್ರಿ, ಉಸಿರು ಎಲ್ಲಿ ತಗೋತಾರ ಅದನ್ನ ನೋಡ್ರಿ ಅಂತ ಬರದಿದ್ರಲ್ಲ ನೀವು, ಭಾಳ ಹಿಡಿಸ್ತು ನನಗ. ಇಂಥಾ ಕಿವಿ ಯಾರು ಕೊಟ್ಟರ್ರೀ ನಿಮಗ?" ಎಂದು ಕೇಳಿದರು. ನಾನು ಎರಡೇ ಮಾತಿನಲ್ಲಿ ಉತ್ತರ ಕೊಟ್ಟೆ. ಅವರು ಖುಷಿಯಾಗಿ ಹೋದರು. ಅಂದಿನಿಂದ ನನಗೆ ನನ್ನ ಮುಖ ನೋಡಿಕೊಳ್ಳಲು ಹೇಸಿಕೆಯಾಗುತ್ತಿದೆ. ಆ ಉತ್ತರ ಏನೆಂದು ಆಮೇಲೆ ಹೇಳುತ್ತೇನೆ. ಮೊದಲು ಚಿತ್ತಾಪುರದ ನಮ್ಮ ಮನೆಯ ಸಂಗತಿ ಹೇಳಬೇಕು. ಆ ಮನೆ ಈಗ ಇಲ್ಲ. ಅದರ ಫರಸಿ ಕಲ್ಲುಗಳನ್ನು ಕಿತ್ತು ಯಾರೋ ದನದ ಕೊಟ್ಟಿಗೆಗೆ ಹಾಸಿಕೊಂಡಿದ್ದಾರೆಂದು ಕೇಳಿದ್ದೇನೆ.

ಅದು ನಿಜಾಮರ ಕಾಲ. ಅಜ್ಜ ಚಿತ್ತಾಪುರದ ಕಚೇರಿಯಲ್ಲಿ ವಕೀಲರು. ಅಪ್ಪ ಸೇಡಂನಲ್ಲಿ ಮಾಸ್ತರರು, ವಾರಕ್ಕೊಮ್ಮೆ ಬರುತ್ತಿದ್ದರು. ಅಪ್ಪನ ತಮ್ಮ ಸೀನು ಕಾಕಾ ತಹಶೀಲಿನಲ್ಲಿ ಗುಮಾಸ್ತ. ಉರ್ದು ಅಕ್ಷರ ಮುತ್ತಿನಂತೆ ಬರೆಯುತ್ತಿದ್ದ. ಅವನಿಗಿಂತ ಎರಡು ವರ್ಷ ಚಿಕ್ಕವಳು ಗೋದತ್ತೆ. ಹದಿಮೂರಕ್ಕೆ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯುಟ್ಟು ನಮ್ಮ ಮನೆಗೆ ಬಂದವಳು. ಬಂದವಳು ಎನ್ನುವುದಕ್ಕಿಂತ ಒಳಗೆ ಹೋದವಳು ಎನ್ನಬೇಕು. ಅಡಿಗೆಮನೆ, ದೇವರಮನೆ, ಹಿತ್ತಲ ಬಾವಿ, ಇಷ್ಟೇ ಅವಳ ಸೀಮೆ. ಅವಳ ಮದುವೆಗೆ ಮುಂಚೆ ಕಾಕಾನಿಗೆ ಹಾಡು ಕಲಿಸಲು ಒಬ್ಬ ಮಾಸ್ತರರು ಬರುತ್ತಿದ್ದರಂತೆ. ಕಾಕಾನ ಕಂಠದಿಂದ ಏನೂ ಹೊರಡಲಿಲ್ಲ. ಬದಿಗೆ ಕೂತು ಹೂಬತ್ತಿ ಹೊಸೆಯುತ್ತಿದ್ದ ತಂಗಿಗೆ ಎಲ್ಲವೂ ಬಂದುಬಿಟ್ಟಿತು. ಅದರಿಂದ ಯಾರಿಗೆ ಏನು ಉಪಯೋಗ. ನಾನು ಕಂಡ ಕಾಲಕ್ಕೆ ಅವಳು ಬೀಸುವಾಗ ಮಾತ್ರ ಹಾಡುತ್ತಿದ್ದಳು, ಅದೂ ಕಲ್ಲಿನ ಸದ್ದಿಗಿಂತ ಒಂದು ಎಳೆ ಕೆಳಗೆ.

ಹೈದರಾಬಾದಿಗೆ ಹೋಗುವ, ಅಲ್ಲಿಂದ ಬರುವ ಹಾಡುಗಾರರೆಲ್ಲ ವಾಡಿಯಲ್ಲಿ ಗಾಡಿ ಬದಲಿಸಬೇಕಿತ್ತು. ಶಹಾಬಾದಿನಲ್ಲಿ ಕಲ್ಲಿನ ವ್ಯಾಪಾರಿಯೊಬ್ಬರಿದ್ದರು, ಸಂಗೀತದ ಹುಚ್ಚಿನವರು. ವಾಡಿಯ ಸ್ಟೇಷನ್ನಿಗೆ ಆಳು ಕಳಿಸಿ, ಹಾಡುಗಾರರನ್ನು ಒಂದು ದಿನದ ಮಟ್ಟಿಗೆ ಕರೆತಂದು, ಸಂಜೆ ತಮ್ಮ ಅಂಗಳದಲ್ಲಿ ಹಾಡಿಸುತ್ತಿದ್ದರು. ಕಾಕಾ ಒಂದನ್ನೂ ತಪ್ಪಿಸುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ, ಕಿವಿಯಲ್ಲಿ ಹಿಂದಿನ ಸಂಜೆಯ ಅತ್ತರಿನ ಹತ್ತಿ ಇನ್ನೂ ಇರುವಾಗಲೇ, ಅಡಿಗೆಮನೆಯ ಹೊಸ್ತಿಲಿನಾಚೆ ಫರಸಿಯ ಮೇಲೆ ಕೂಡುತ್ತಿದ್ದ. ಅವ್ವ, ಅಜ್ಜಿ, ನಾನು ತೊಗರಿಬೇಳೆ ಆರಿಸುತ್ತ ಕೂಡುತ್ತಿದ್ದೆವು. ಗೋದತ್ತೆ ಮಡಿಯಲ್ಲಿ ಒಲೆಯ ಮುಂದೆ, ನಮಗೆ ಬೆನ್ನು ಮಾಡಿ. ಕೇಳಲು ಹೋದವರು ಬಂದು ಹೋಗದವರಿಗೆ ಹೇಳಬೇಕು, ಅದು ನಮ್ಮ ಮನೆಯ ಪದ್ಧತಿ. ಆ ಒಂದು ತಾಸಿಗಾಗಿ ನಮ್ಮ ಮನೆಯ ಹೆಂಗಸರು ತಿಂಗಳಾನುಗಟ್ಟಲೆ ಕಾಯುತ್ತಿದ್ದರು.

ಕಾಕಾ ಹೇಳುತ್ತಿದ್ದುದು ಚಂದವೇ. ಯಾರು ಯಾವ ಬಣ್ಣದ ಶಾಲು ಹೊದ್ದಿದ್ದರು, ತಬಲಜಿ ಎಲ್ಲಿ ಬೆವರಿದ, ಯಾರು ಎಲ್ಲಿ ವಾಹ್ ಎಂದರು. ಗೋದತ್ತೆಗೆ ಅದು ಬೇಡ. ಬೆನ್ನು ತಿರುಗಿಸದೆಯೇ ಕೇಳುತ್ತಿದ್ದಳು, "ಸೀನಣ್ಣ, ಮ್ಯಾಲಿನ ಷಡ್ಜಕ್ಕ ಹೋಗೂ ಮುಂದ ಉಸಿರು ತಗೊಂಡಳೋ, ಹೋಗಿಬಂದು ತಗೊಂಡಳೋ?" ಕಾಕಾ ಕಣ್ಣು ಮುಚ್ಚಿ ನೆನಪಿಸಿಕೊಂಡು ಹೇಳುತ್ತಿದ್ದ. "ಕೈ ಏನು ಮಾಡ್ತಿತ್ತು?" ಅದನ್ನೂ ಹೇಳುತ್ತಿದ್ದ. ಹೀಗೆ ಹತ್ತು ಪ್ರಶ್ನೆ ಕೇಳಿ, ಬೇಳೆ ಕುದಿಯುವಷ್ಟರಲ್ಲಿ, ತಾನು ಕಂಡಿರದ ಕೇಳಿರದ ಹಾಡಿಕೆಯ ಹುಳುಕು ಎಲ್ಲಿದೆ, ಜೀವ ಎಲ್ಲಿದೆ ಎಂದು ಗೋದತ್ತೆ ಹೇಳಿಬಿಡುತ್ತಿದ್ದಳು. ಕಾಕಾ ಸುಮ್ಮನೆ ತಲೆದೂಗುತ್ತಿದ್ದ. ಮುಂದಿನ ಸಲ ಶಹಾಬಾದಿಗೆ ಹೋದಾಗ ಅದೇ ಮಾತುಗಳನ್ನು ಅಲ್ಲಿಯ ರಸಿಕರ ಮುಂದೆ ಇಡುತ್ತಿದ್ದ. ಕಿವಿ ಎಂದರೆ ಚಿತ್ತಾಪುರದ ಸೀನಪ್ಪನವರದು ಎಂದು ಸೇಡಂ, ಚಿಂಚೋಳಿಯವರೆಗೂ ಹೆಸರಾಯಿತು. ಮನೆಯಲ್ಲಿ ಎಲ್ಲರಿಗೂ ಇದು ಗೊತ್ತಿತ್ತು, ಯಾರಿಗೂ ತಪ್ಪೆನಿಸಲಿಲ್ಲ. ಅತ್ತೆ ಮಾಡಿದ ಹುಳಿಯನ್ನು ಉಂಡು ಬಂದವರು ಅಜ್ಜನ ಮನೆಯ ಊಟ ಎನ್ನುತ್ತಿದ್ದರಲ್ಲ, ಹಾಗೆಯೇ ಇದೂ. ಕಾಕಾ ಕೆಟ್ಟವನೇನಲ್ಲ. ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ನನಗೆ ಒಂಬತ್ತು ವರ್ಷವಾದಾಗ ಧಾರವಾಡದ ಕಡೆಯ ಒಬ್ಬ ಹಾಡುಗಾರ್ತಿ, ಎಲ್ಲರೂ ಬಾಯಿ ಎಂದು ಕರೆಯುತ್ತಿದ್ದವರು, ಶಹಾಬಾದಿನಲ್ಲಿ ಹಾಡಿದರು. ಅವರ ಹೆಸರು ಬರೆಯುವುದಿಲ್ಲ. ಬರೆದರೂ ಈಗ ಯಾರಿಗೂ ನೆನಪಾಗಲಿಕ್ಕಿಲ್ಲ. ಮರುದಿನ ಕಾಕಾ ಹೊಗಳಿದ್ದೇ ಹೊಗಳಿದ್ದು. ಗೋದತ್ತೆ ಎಂದಿನಂತೆ ಪ್ರಶ್ನೆ ಕೇಳಿದಳು. ಕೆಳಗಿನ ಸ್ವರಗಳಲ್ಲಿ ಬಾಯಿ ನಗುತ್ತಿದ್ದರು, ಮೇಲೆ ಹೋಗುವಾಗ ಎಡಗೈ ಮುಷ್ಟಿ ಕಟ್ಟುತ್ತಿತ್ತು ಎಂದ ಕಾಕಾ. ತಂಬೂರಿ ಹೊಸದೋ ಹಳೆಯದೋ ಎಂದಳು. ಹಳೆಯದು, ದಂತದ ಕೆಲಸ ಉದುರಿದೆ ಎಂದ. ಗೋದತ್ತೆ ಸೌಟು ಕೆಳಗಿಟ್ಟಳು. "ಅಕೀ ತನ್ನ ಶ್ರುತಿಯೊಳಗ ಹಾಡಲಿಕತ್ತಿಲ್ಲ. ಅದು ಬ್ಯಾರೆಯವರ ಶ್ರುತಿ. ಅಕೀ ಅವ್ವಂದು ಇರಬೇಕು. ತಂಬೂರಿ ಇಸಗೊಂಡಾಳ, ತಂತಿ ಇಳಿಸಲಿಕ್ಕೆ ಧೈರ್ಯ ಆಗಿಲ್ಲ. ಅರ್ಧ ಸ್ವರ ಕೆಳಗ ಹಾಡಂತ ಹೇಳು."

ಹೈದರಾಬಾದಿಗೆ ಹೋದ ಬಾಯಿಗೆ ಶಹಾಬಾದಿನ ವ್ಯಾಪಾರಿಯ ಮೂಲಕ ಕಾಕಾ ಈ ಮಾತು ಬರೆದು ತಿಳಿಸಿದ. ತನ್ನ ಮಾತಾಗಿಯೇ.

ಹದಿನೈದು ದಿನದ ಮೇಲೆ, ಬಿಸಿಲೇರುವ ಹೊತ್ತಿಗೆ, ನಮ್ಮ ಮನೆಯ ಮುಂದೆ ಟಾಂಗಾ ನಿಂತಿತು. ಹೈದರಾಬಾದಿನಿಂದ ಊರಿಗೆ ಮರಳುತ್ತಿದ್ದ ಬಾಯಿ ಚಿತ್ತಾಪುರದಲ್ಲಿ ಇಳಿದು, ಮಧ್ಯಾಹ್ನದ ಗಾಡಿ ಹಿಡಿಯುವವರೆಗಿನ ಹೊತ್ತಿನಲ್ಲಿ ಕಾಕಾನನ್ನು ಕಾಣಲು ಬಂದಿದ್ದರು. ಗಂಡಸರೆಲ್ಲ ಕಚೇರಿಗೆ ಹೋಗಿದ್ದರು. ಅಜ್ಜಿ ಕಿಟಕಿಯಿಂದ ನೋಡಿ ನನ್ನನ್ನು ಕರೆದಳು. "ಶಾಂತೂ, ಕಟ್ಟಿ ಮ್ಯಾಲ ಚಾಪಿ ಹಾಸು. ಒಳಗ ಕರೀಬ್ಯಾಡ. ಪ್ರಯಾಣಕ್ಕ ಹೊಂಟ ಮಂದಿ, ಗೋದೂನ ಸುದ್ದಿ ಸೈತ ತೆಗೀಬ್ಯಾಡ." ಇದು ನನಗೆ ಹೊಸದಲ್ಲ. ಹೊರಟವರ ಎದುರು ವಿಧವೆ ಬರಬಾರದು, ಅವಳ ಹೆಸರೂ ಬರಬಾರದು. ದಾರಿಯಲ್ಲಿ ಏನಾದರೂ ಆದರೆ ನಮ್ಮ ಮನೆಗೆ ಮಾತು ಬರುತ್ತದೆ. ಅತ್ತೆಯಿಂದ ಹೊರಗೆ ಹೋಗಬೇಕಾದ ಮಾತೇನಾದರೂ ಇದ್ದರೆ ಅಜ್ಜ ಹೇಳಿದ್ದಾರೆ, ಕಾಕಾ ಹೇಳಿದ್ದಾನೆ ಎಂದು ಹೇಳಬೇಕು. ಮಗ್ಗಿಯ ಜೊತೆಗೇ ನಾನು ಇದನ್ನೂ ಕಲಿತಿದ್ದೆ.

ಬಾಯಿ ಕಟ್ಟೆಯ ಮೇಲೆ ಕೂತರು. ನಲವತ್ತರ ಆಸುಪಾಸು, ಎಲೆಯಡಿಕೆಯ ಕೆಂಪು ತುಟಿ, ದಣಿದ ಕಣ್ಣು. ಕೊಟ್ಟ ನೀರನ್ನು ತಮ್ಮದೇ ಲೋಟಕ್ಕೆ ಸುರಿದುಕೊಂಡು ಕುಡಿದರು; ನಾವು ಹೇಳುವ ಮೊದಲೇ ಅವರಿಗೆ ಎಲ್ಲವೂ ಗೊತ್ತಿತ್ತು. ಕಾಕಾನನ್ನು ಕರೆಯಲು ಟಾಂಗಾದವನನ್ನು ಕಳಿಸಿದರು. ಆಮೇಲೆ ನನ್ನನ್ನು ನೋಡಿ, "ನಮ್ಮವ್ವ ಸತ್ತು ಹನ್ನೊಂದು ವರ್ಷ ಆತು. ಅಕೀ ಕಟ್ಟಿದ ಶ್ರುತಿ ನಾ ಇಳಿಸಿದ್ದಿಲ್ಲ. ಯಾರಿಗೂ ತಿಳಿದಿದ್ದಿಲ್ಲ ಅದು" ಎಂದರು. ನನಗೆ ಹೇಳಿದ್ದೋ, ತಮಗೇ ಹೇಳಿಕೊಂಡಿದ್ದೋ. ಹಾಗೆಯೇ ಕಣ್ಣು ಮುಚ್ಚಿ, ತಂಬೂರಿಯಿಲ್ಲದೆ, ಹಗಲಿನ ಸಾರಂಗ ರಾಗವನ್ನು ಮೆಲ್ಲಗೆ ಹಿಡಿದರು. ಇಳಿಸಿದ ಶ್ರುತಿಯಲ್ಲಿ.

ಹಿಂದೆ ಪಡಸಾಲೆಯ ಬಾಗಿಲು ಕಿರುಗುಟ್ಟಿತು. ಗೋದತ್ತೆ ಒಲೆ ಬಿಟ್ಟು ಬಂದಿದ್ದಳು. ಅರ್ಧ ತೆರೆದ ಬಾಗಿಲ ಸಂದಿಯಲ್ಲಿ ಕೆಂಪು ಸೀರೆಯ ಅಂಚು, ಹಿಟ್ಟು ಮೆತ್ತಿದ ಬೆರಳು. ಮೂವತ್ತೈದು ವರ್ಷದ ಆ ಹೆಂಗಸು, ಕಾಕಾನ ಹಾಡಿನ ಮಾಸ್ತರರು ಬರುವುದು ನಿಂತ ಮೇಲೆ, ಹಾಡುವವರೊಬ್ಬರ ದನಿಯನ್ನು ಹಾಡುವವರ ಬಾಯಿಂದಲೇ ಕೇಳಿದ್ದು ಅದೇ ಮೊದಲು. ನಾನು ಹತ್ತಿರ ಹೋದಾಗ ಅವಳ ಉಸಿರು ಸದ್ದು ಮಾಡುತ್ತಿತ್ತು. ಹಾಡು ನಿಂತ ಕೂಡಲೇ ನನ್ನ ಕಿವಿಯಲ್ಲಿ ಹೇಳಿದಳು, "ಹೋಗಿ ಹೇಳು, ರಿಷಭದ ಮ್ಯಾಲ ಇನ್ನೊಂದು ಗಳಿಗಿ ನಿಲ್ಲಲಿ. ಈಗ ಉಸಿರು ಅಕೀದೇ ಅದ, ಗಡಿಬಿಡಿ ಯಾಕ?"

ನಾನು ಹೋಗಿ ಹೇಳಿದೆ. ಬಾಯಿ ನನ್ನ ಮುಖವನ್ನೇ ನೋಡಿದರು. ಮತ್ತೆ ಹಾಡಿದರು. ರಿಷಭದ ಮೇಲೆ ನಿಂತರು. ನಿಂತೇ ಇದ್ದರು. ಬೀದಿಯ ಧೂಳು, ಟಾಂಗಾದ ಲದ್ದಿಯ ವಾಸನೆ, ಕಟ್ಟೆಯ ಕಲ್ಲಿನ ಬಿಸಿ, ಎಲ್ಲವೂ ಆ ಒಂದು ಸ್ವರದಲ್ಲಿ ಸುಮ್ಮನಾದವು. ಆಮೇಲೆ ನಾನು ಊರೂರು ತಿರುಗಿ ಎಷ್ಟೋ ದೊಡ್ಡವರನ್ನು ಕೇಳಿದ್ದೇನೆ. ಆ ರಿಷಭ ಮತ್ತೆ ಸಿಕ್ಕಿಲ್ಲ. ಬಾಯಿ ಕಣ್ಣು ತೆರೆದಾಗ ಅವು ಒದ್ದೆಯಾಗಿದ್ದವು.

"ಯಾರವ್ವಾ ಇದನ್ನ ಹೇಳಿದವರು? ಒಳಗ ಯಾರಿದ್ದಾರ? ಅವರ ಮುಂದ ಕುಂತು ಒಂದು ಸಲ ಹಾಡತೀನಿ. ಗಾಡಿ ಹೋದರ ಹೋಗಲಿ."

ನಾನು ತಿರುಗಿ ನೋಡಿದೆ. ಗೋದತ್ತೆಯ ಕೈ ಬಾಗಿಲ ಅಂಚಿನ ಮೇಲಿತ್ತು. ಬಾಗಿಲು ಒಂದು ಗೇಣು ಸರಿದಿತ್ತು. ಅವಳು ತಾನೇ ಸರಿಸಿದ್ದಳು. ನಾನೊಂದು ಮಾತು ಹೇಳಿದ್ದರೆ ಸಾಕಿತ್ತು, ಏನೂ ಹೇಳದೆ ಸುಮ್ಮನೆ ನಿಂತಿದ್ದರೂ ಸಾಕಿತ್ತು. ನಾನು ಕಲಿತ ಪಾಠವನ್ನು ಒಪ್ಪಿಸಿದೆ.

"ಕಾಕಾ ಹೇಳಿ ಹೋಗ್ಯಾನ್ರಿ. ಒಳಗ ಯಾರೂ ಇಲ್ರಿ."

ಬೆರಳುಗಳು ಒಂದೊಂದಾಗಿ ಬಾಗಿಲ ಅಂಚಿನಿಂದ ಕಳಚಿಕೊಂಡವು. ಅಂಚಿನ ಮೇಲೆ ಹಿಟ್ಟಿನ ಗುರುತು ಉಳಿಯಿತು. ಬಾಯಿ ಆ ಬಾಗಿಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಚೀಲದಿಂದ ಹೀನಾ ಅತ್ತರಿನ ಸಣ್ಣ ಸೀಸೆ ತೆಗೆದು ನನ್ನ ಕೈಯಲ್ಲಿಟ್ಟರು. "ಹೇಳಿದವರಿಗೆ ಕೊಡು" ಎಂದರು. ಕಾಕಾ ಓಡುತ್ತ ಬರುವ ಹೊತ್ತಿಗೆ ಗಾಡಿಯ ವೇಳೆಯಾಗಿತ್ತು. ಅವನು ಕೈಮುಗಿದ, ಅವರೂ ಮುಗಿದರು. ಸೀಸೆಯನ್ನು ನಾನು ಕಾಕಾನಿಗೇ ಕೊಟ್ಟೆ. ಅಜ್ಜಿ ನನ್ನ ತಲೆ ನೇವರಿಸಿ, "ಶಾಣ್ಯಾಕಿ ನನ್ನ ಮೊಮ್ಮಗಳು" ಎಂದು ಬೆಲ್ಲದ ಚೂರು ಕೊಟ್ಟಳು. ನಾನು ಅದನ್ನು ಅಡಿಗೆಮನೆಯ ಹೊಸ್ತಿಲ ಬಳಿ ನಿಂತು, ಗೋದತ್ತೆಗೆ ಕಾಣುವಂತೆ ತಿಂದೆ.

ಶಹಾಬಾದಿನ ಮುಂದಿನ ಹಾಡಿನ ಬೈಠಕ್ಕಿನ ಮರುದಿನ ಕಾಕಾ ಎಂದಿನಂತೆ ಬಂದು ಫರಸಿಯ ಮೇಲೆ ಕೂತ. ಹೇಳಿದ. ಒಲೆಯ ಕಡೆಯಿಂದ ಪ್ರಶ್ನೆ ಬರಲಿಲ್ಲ. "ಗೋದೂ, ಏನಂತಿ?" ಎಂದು ಅವನೇ ಕೇಳಿದ. "ನನಗ ಕೆಲಸ ಅದ" ಎಂದಳು. ಮುಂದಿನ ಸಲವೂ ಅಷ್ಟೇ. ಮೂರನೆಯ ಸಲ ಕಾಕಾ ಹೇಳಲು ಬರಲೇ ಇಲ್ಲ. ಅವ್ವ, ಅಜ್ಜಿ ಬೇಳೆ ಆರಿಸಿ ಮುಗಿಸಿ ಎದ್ದು ಹೋದರು. ಶಹಾಬಾದಿನಲ್ಲಿ ಕಾಕಾ ಅವೇ ಹಳೆಯ ನಾಲ್ಕು ಮಾತುಗಳನ್ನು ತಿರುಗಿಸಿ ತಿರುಗಿಸಿ ಹೇಳುತ್ತ ಇನ್ನೂ ಕೆಲವು ವರ್ಷ ತಳ್ಳಿದ. ಆ ಸೀಸೆಯ ಅತ್ತರನ್ನು ಹತ್ತಿಗೆ ಹಚ್ಚಿಕೊಂಡೇ ಹೋಗುತ್ತಿದ್ದ.

ರಜಾಕಾರರ ಗದ್ದಲದ ವರ್ಷ ನಾವು ಮನೆಗೆ ಕೀಲಿ ಹಾಕಿ ಸೊಲ್ಲಾಪುರಕ್ಕೆ ಓಡಿದೆವು. ಒಂದೇ ಕೋಣೆಯಲ್ಲಿ ಎಂಟು ಜನ. ಅಲ್ಲಿ ಒಳಗೆ ಹೊರಗೆ ಎಂಬುದೇ ಇರಲಿಲ್ಲ. ಗೋದತ್ತೆ ನಾಲ್ಕು ಜನರ ನಡುವೆ ನಳದ ಸಾಲಿನಲ್ಲಿ ನಿಲ್ಲುತ್ತಿದ್ದಳು. ನನಗೆ ಆಗ ಹದಿನಾರು. ಒಂದು ದಿನ ಆ ಸಾಲಿನಲ್ಲಿ ಅವಳ ಪಕ್ಕದಲ್ಲಿ ನಿಂತು, "ಅತ್ತಿ, ಆವತ್ತು ನಾ ಹಂಗ ಅನಬಾರದಿತ್ತು" ಎಂದೆ. ಯಾವತ್ತು ಎಂದು ಅವಳು ಕೇಳಲಿಲ್ಲ. "ಕೊಡ ತುಂಬ್ತು, ನೋಡು" ಎಂದಳು. ಆ ಚಳಿಗಾಲದಲ್ಲಿ ಜ್ವರ ಬಂದು ಅಲ್ಲಿಯೇ ತೀರಿಕೊಂಡಳು.

ಅವಳ ಪ್ರಶ್ನೆಗಳನ್ನೇ ಕೇಳುತ್ತ ನಾನು ಇಷ್ಟು ವರ್ಷ ಹಾಡು ಕೇಳಿದ್ದೇನೆ. ಉಸಿರು ಎಲ್ಲಿ, ಕೈ ಏನು ಮಾಡುತ್ತಿದೆ, ಶ್ರುತಿ ಯಾರದು. ಅವನ್ನೇ ಬರೆದು ಕೆಳಗೆ ನನ್ನ ಹೆಸರು ಹಾಕಿಕೊಂಡಿದ್ದೇನೆ. ಕಾಕಾನನ್ನು ಬೈಯಲು ನನಗೆ ಯಾವ ಬಾಯಿ ಇದೆ.

ಮತ್ತೆ ಆ ಅತ್ತರಿನ ಮುದುಕರು. ಇಂಥಾ ಕಿವಿ ಯಾರು ಕೊಟ್ಟರು ಎಂದು ಅವರು ಕೇಳಿದಾಗ, ಆ ವಾಸನೆ ಮೂಗಿನ ತುಂಬ ತುಂಬಿಕೊಂಡು, ನನ್ನ ನಾಲಿಗೆ ತನಗೆ ಗೊತ್ತಿದ್ದುದನ್ನೇ ಹೇಳಿತು. "ನಮ್ಮ ಕಾಕಾ." "ಅದಕ್ಕ ಅಂತೀನಿ, ನೀವು ಚಿತ್ತಾಪುರದವರಂತ ಓದಿದ್ದೆ. ಕಾಕಾ ಅಂದ್ರ ಸೀನಪ್ಪನವರಲ್ಲೇನ್ರಿ? ನಮ್ಮಪ್ಪ ಅವರ ಹೆಸರು ಭಾಳ ತಗೊಂತಿದ್ರು" ಎಂದು ಅವರು ಕೈಮುಗಿದು ಹೋದರು. ಕರೆದು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮೊದಲ ಸಲ ಹೇಳಿದಾಗ ಒಂಬತ್ತು ವರ್ಷದವಳು ಎಂಬ ನೆಪವಾದರೂ ಇತ್ತು. ಈ ಸಲ ನನ್ನನ್ನು ತಡೆಯುವ ಅಜ್ಜಿಯೂ ಇರಲಿಲ್ಲ, ಪ್ರಯಾಣಕ್ಕೆ ಹೊರಟವರೂ ಇರಲಿಲ್ಲ. ಬಾಗಿಲ ಹಿಂದೆ, ಈ ಸಲ, ನಿಜವಾಗಿಯೂ ಯಾರೂ ಇರಲಿಲ್ಲ.