ಬೀಡಿ ಶೆಡ್ಡಿನಲ್ಲಿ ವನಜಾಕ್ಷಿಯ ಓದು

“ಚೇಚಿ, ಮೊದಲ್ನೇ ಡಿಗ್ರೀಲಿ ಬರೀ ನಲವತ್ತೈದು ಪರ್ಸೆಂಟು. ಟೀಚರ್ ಟ್ರೈನಿಂಗಿಗೆ ಐವತ್ತಾದ್ರೂ ಬೇಕಂತೆ. ಅದಕ್ಕೇ ಈ ಮೂವತ್ತೆಂಟನೇ ವಯಸ್ಸಲ್ಲಿ ಇನ್ನೊಂದು ಡಿಗ್ರಿಗೆ ಯೂನಿವರ್ಸಿಟೀಲಿ ಹೆಸರು ಬರೆಸ್ದೆ. ಈಗ್ಲೂ ಚರಿತ್ರೇಲಿ ಕಮ್ಮಿ ಬಂದಿದೆ. ಇನ್ನೊಂದ್ಸಲ ಬರೀಬಹುದು, ಹೆಚ್ಚು ಬಂದದ್ದೇ ಲೆಕ್ಕ. ಆದ್ರೆ ಓದಿದ್ದು ತಲೇಲಿ ನಿಲ್ಲೋದೇ ಇಲ್ಲ.”

ಕಣ್ಣೂರಿನ ನಮ್ಮ ಬೀಡಿ ಶೆಡ್ಡಿನಲ್ಲಿ ವನಜಾಕ್ಷಿ ನನ್ನನ್ನು ಚೇಚಿ, ಅಂದರೆ ಅಕ್ಕ, ಎಂದು ಕರೆದು ಹೀಗೆ ಹೇಳಿಕೊಂಡು ಇಪ್ಪತ್ತು ವರ್ಷವಾಯಿತು. ನಾವು ಬೀಡಿ ಕಟ್ಟುವಾಗ ಒಬ್ಬರು ಪೇಪರು ಓದಿ ಹೇಳುವುದು, ಅವರ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುವುದು ಅಲ್ಲಿಯ ವಾಡಿಕೆ. ಓದುವವಳು ಅವಳೇ.

“ಪೇಪರು ಬಿಡೇ, ನಿನ್ನ ಪಾಠಾನೇ ಓದು,” ಎಂದೆ.

ಓದತೊಡಗಿದಳು. ಪಕ್ಕದ ಕಲ್ಯಾಣಿ ಸುಮ್ಮನಿರುವವರ ಪೈಕಿಯಲ್ಲ. “ಆ ರಾಜ ಯಾಕೆ ಸೋತ? ಅದು ಹೇಳ್ದೆ ಮುಂದೆ ಓಡ್ತೀಯಲ್ಲ!” ವನಜಾಕ್ಷಿ ತಡವರಿಸಿ ಹಿಂದಿನ ಪುಟ ತಿರುವುತ್ತಿದ್ದಳು. ನಮಗೆ ತಿಳಿಯುವ ಹಾಗೆ ಹೇಳುವಷ್ಟರಲ್ಲಿ ಅವಳಿಗೂ ತಿಳಿದಿರುತ್ತಿತ್ತು.

ಆ ಸಲ ಚರಿತ್ರೆಯಲ್ಲಿ ಅರವತ್ತೆಂಟು ಬಂತು. ಡಿಗ್ರಿ ಮುಗಿಯಿತು, ಟ್ರೈನಿಂಗಿಗೂ ಸೀಟು ಸಿಕ್ಕಿತು. ಅವಳು ಹೊರಟ ದಿನ ಕಲ್ಯಾಣಿ, “ಹೋಗಿ ಟೀಚರೇ, ನಮ್ಮ ಓದು ಅರ್ಧಕ್ಕೇ ನಿಂತ್ರೆ ನಿಮಗೇನು!” ಎಂದು ಮುಖ ತಿರುಗಿಸಿದಳು.

ಸಂಜೆ ನಾನು ಮಾರನೆಯ ದಿನದ ಬೀಡಿ ಎಲೆಗಳನ್ನು ನೆನೆಸಿ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟೆ.