ಮುಚ್ಚಳದಡಿಯ ಎಣ್ಣೆ

ಹೊನ್ನೂರಿನ ಪುಟ್ಟಮಲ್ಲಪ್ಪ ಯುದ್ಧದ ಕಾಲದಲ್ಲಿ ಅಸ್ಸಾಮಿನ ಕಡೆ ಮಿಲಿಟರಿ ಲಾರಿ ಓಡಿಸಿ ಬಂದವನು. ಊರಿಗೆ ಮರಳಿದ ಮೇಲೆ ಮೈಸೂರಿನಿಂದ ಹಳೆಯ ಕಾರೊಂದನ್ನು ತಂದು ಬಾಡಿಗೆಗೆ ಓಡಿಸುತ್ತಿದ್ದ. ಮದುವೆಯ ಹೆಣ್ಣುಗಂಡಿಗೂ, ಕೊಳ್ಳೇಗಾಲದ ಆಸ್ಪತ್ರೆಗೆ ಒಯ್ಯಬೇಕಾದ ಕಾಯಿಲೆಯವರಿಗೂ ಊರಿಗೆಲ್ಲ ಅದೊಂದೇ ಕಾರು.

೧೯೫೧ರ ಬೇಸಿಗೆಯಲ್ಲಿ ಎಂಜಿನ್ನಿನ ನೆತ್ತಿಯ ಮುಚ್ಚಳದಡಿಯಿಂದ ಎಣ್ಣೆ ಜಿನುಗತೊಡಗಿತು. ಮುಚ್ಚಳದ ಕೆಳಗಿನ ಎಣ್ಣೆ ಸೋರದಂತೆ ಕೂರಿಸಿದ ಕಾರ್ಕಿನ ಗ್ಯಾಸ್ಕೆಟ್ ಒಣಗಿ ಬಿರಿದಿದೆ ಎಂದು ಪುಟ್ಟಮಲ್ಲಪ್ಪನಿಗೆ ನೋಡಿದ ಕೂಡಲೇ ತಿಳಿಯಿತು. ಎಣ್ಣೆ ಇಳಿದು, ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ಗುಗಳ ಮೇಲೆ ಕೂರುತ್ತಿತ್ತು. ಬೆಳಗ್ಗೆ ಬಟ್ಟೆಯಲ್ಲಿ ಒರೆಸಿದರೆ ಸಂಜೆಯವರೆಗೆ ಓಡುತ್ತಿತ್ತು. ಮದುವೆಗಳ ಕಾಲ, ಕಾರು ನಿಲ್ಲಿಸಲು ಮನಸ್ಸಾಗಲಿಲ್ಲ. ಒರೆಸುತ್ತಲೇ ಒಂದು ತಿಂಗಳು ಕಳೆದ.

ಆಗ ಅದೇ ಊರಿನ ರೈತ ದೊಡ್ಡಸಿದ್ದಯ್ಯನ ಹೆಂಡತಿ ಮಹಾದೇವಮ್ಮನಿಗೆ ಚೊಚ್ಚಲ ಹೆರಿಗೆ ಕಷ್ಟವಾಯಿತು. ಸೂಲಗಿತ್ತಿ ಕೈಚೆಲ್ಲಿದಳು. ಪುಟ್ಟಮಲ್ಲಪ್ಪ ಗಂಡಹೆಂಡಿರನ್ನು ಕೂರಿಸಿಕೊಂಡು ಕೊಳ್ಳೇಗಾಲಕ್ಕೆ ಹೊರಟ. ದಾರಿಯ ಅಗರ ಊರು ದಾಟುತ್ತಲೇ ಕಾರು ಹೊಗೆಯಾಡಿ, ನಾಲ್ಕು ಮಾರು ಜಗ್ಗಿ ನಿಂತುಬಿಟ್ಟಿತು. ಪ್ಲಗ್ ಬಿಚ್ಚಿ ಒರೆಸಿದ, ಹ್ಯಾಂಡಲ್ ಹಾಕಿ ತಿರುಗಿಸಿದ. ಎಂಜಿನ್ನು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಕೊನೆಗೆ ಎದುರಿಗೆ ಬಂದ ಹುಲ್ಲಿನ ಗಾಡಿಯನ್ನು ತಿರುಗಿಸಿ ಮಹಾದೇವಮ್ಮನನ್ನು ಅದರಲ್ಲಿ ಮಲಗಿಸಿದರು.

ತಾಯಿ ಉಳಿದಳು. ಮಗು ಉಸಿರಾಡಲೇ ಇಲ್ಲ. ಬೇಗ ತಂದಿದ್ದರೆ ಉಳಿಯುತ್ತಿತ್ತೆಂದೂ ಹೇಳಲಾರೆ, ಇಲ್ಲವೆಂದೂ ಹೇಳಲಾರೆ ಎಂದರು ಡಾಕ್ಟರು.

ಪುಟ್ಟಮಲ್ಲಪ್ಪನನ್ನು ಯಾರೂ ದೂರಲಿಲ್ಲ. "ನಮ್ಮ ಅಣೇಬರ ಕಣಪ್ಪ, ನೀನೇನ್ ಮಾಡೀಯೆ?" ಎಂದು ದೊಡ್ಡಸಿದ್ದಯ್ಯನೇ ಅವನ ಭುಜ ಮುಟ್ಟಿದ. ಆ ಮಾತು ಕೇಳಿದಂದಿನಿಂದ ಪುಟ್ಟಮಲ್ಲಪ್ಪನಿಗೆ ಅನ್ನ ಸೇರಲಿಲ್ಲ.

ಎತ್ತು ಕಟ್ಟಿ ಕಾರನ್ನು ಮನೆಗೆ ಎಳೆಸಿಕೊಂಡು ಬಂದ. ಮೈಸೂರಿಗೆ ಹೋಗಿ ಕಾರ್ಕಿನ ಹಾಳೆಯನ್ನೂ ಆರು ಹೊಸ ಪ್ಲಗ್ಗುಗಳನ್ನೂ ತಂದ. ಮನೆಯ ಮುಂದಿನ ತೆಂಗಿನ ಮರದ ನೆರಳಲ್ಲಿ ಮುಚ್ಚಳ ಬಿಚ್ಚಿದಾಗ ಹಳೆಯ ಗ್ಯಾಸ್ಕೆಟ್ ಚಕ್ಕೆಚಕ್ಕೆಯಾಗಿ ಎದ್ದು ಬಂತು. ಚೂರುಗಳನ್ನು ಒಂದಕ್ಕೊಂದು ಜೋಡಿಸಿ ಅದೇ ಅಳತೆಗೆ ಹೊಸದನ್ನು ಕತ್ತರಿಸಿದ. ಅಂಟಿಕೊಂಡಿದ್ದ ಕಿಟ್ಟವನ್ನು ಕೆರೆದು ಸೀಮೆಎಣ್ಣೆಯಲ್ಲಿ ತೊಳೆದ. ಬಿಗಿ ಹೆಚ್ಚಾದರೆ ಕಾರ್ಕು ಹಿಂಡಿಹೋಗುತ್ತದೆಂದು ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿದ. ಮಧ್ಯಾಹ್ನದೊಳಗೆ ಪ್ಲಗ್ಗುಗಳೂ ಕೂತವು. ಎಂಜಿನ್ನು ಮೊದಲ ತಿರುವಿಗೇ ಸ್ಟಾರ್ಟಾಯಿತು. ಪುಟ್ಟಮಲ್ಲಪ್ಪ ಅದನ್ನು ನಿಲ್ಲಿಸಿ, ಪಕ್ಕದಲ್ಲೇ ನೆಲದ ಮೇಲೆ ಕುಳಿತುಬಿಟ್ಟ.

ಹೆಂಡತಿ ಕೆಂಪಾಜಮ್ಮ ಹೊರಗೆ ಬಂದಳು. "ಸರಿಯಾಯ್ತಲ್ಲ, ಯಾಕಿಂಗ್ ಕುಂತಿದ್ದೀಯೆ?"

"ಅರ್ಧ ದಿನದ ಕೆಲಸ ಕಣಮ್ಮಿ ಇದು. ಬರೀ ಅರ್ಧ ದಿನ."

ಅವಳಿಗೆ ಅರ್ಥವಾಯಿತು. "ಓಗಿ ಅವ್ರಿಗೆ ಏಳ್ಬುಡು," ಎಂದಳು.

ಅವತ್ತೇ ದೊಡ್ಡಸಿದ್ದಯ್ಯನ ಮನೆಗೆ ಹೋಗಿ, ಎಣ್ಣೆ ಜಿನುಗುವುದು ತಿಂಗಳಿಂದ ಗೊತ್ತಿದ್ದೂ ರಿಪೇರಿ ಮಾಡದೆ ಓಡಿಸಿದೆನೆಂದು ಹೇಳಿದ. ದೊಡ್ಡಸಿದ್ದಯ್ಯ ತಲೆ ಎತ್ತಲಿಲ್ಲ. ಬಾಗಿಲೊಳಗೆ ನಿಂತು ಕೇಳಿಸಿಕೊಂಡ ಮಹಾದೇವಮ್ಮ, "ನಮ್ಮನ್ನ ಅತ್ತಿಸ್ಕೊಳೋವಾಗ್ಲೂ ನಿಂಗೆ ಗೊತ್ತಿತ್ತಾ?" ಎಂದಳು.

"ಗೊತ್ತಿತ್ತು ಕಣವ್ವ."

"ಓಗು," ಎಂದಳು.

ಆಮೇಲೆ ಎರಡು ವರ್ಷ ಆ ಮನೆಯವರು ಅವನೊಡನೆ ಮಾತಾಡಲಿಲ್ಲ. ಪುಟ್ಟಮಲ್ಲಪ್ಪ ಕಾರು ಓಡಿಸುತ್ತಲೇ ಇದ್ದ. ಆದರೆ ಚಿಕ್ಕದೊಂದು ಸದ್ದು ಬಂದರೂ ಕಾರು ನಿಲ್ಲಿಸಿ, ಬಾಡಿಗೆಯವರನ್ನು ಬೇಡವೆಂದು ಕಳಿಸುತ್ತಿದ್ದ. ಜನ ಅದನ್ನು ಜಂಬವೆಂದರು. ಮಹಾದೇವಮ್ಮ ಮತ್ತೆ ಬಸುರಾಗಿ, ದಿನ ತುಂಬುವ ವಾರ ಮೊದಲೇ ಎತ್ತಿನ ಗಾಡಿಯಲ್ಲಿ ಕೊಳ್ಳೇಗಾಲದ ಅಕ್ಕನ ಮನೆಗೆ ಹೋದಳು. ಗಾಡಿ ತನ್ನ ಮನೆಯ ಮುಂದೆಯೇ ಹಾದುಹೋದದ್ದನ್ನು ಪುಟ್ಟಮಲ್ಲಪ್ಪ ನೋಡಿದ.

ಹೆಣ್ಣು ಮಗು ಹುಟ್ಟಿದ ಸುದ್ದಿ ಬಂತು. ಹದಿನೈದು ದಿನ ಕಳೆದು ದೊಡ್ಡಸಿದ್ದಯ್ಯ ಪುಟ್ಟಮಲ್ಲಪ್ಪನ ಅಂಗಳಕ್ಕೆ ಬಂದು ನಿಂತ. ಎರಡು ವರ್ಷದ ಮೇಲೆ ಅವನಾಡಿದ ಮೊದಲ ಮಾತು: "ಬಾಣಂತಿ ಕರ್ಕಂಡ್ ಬರ್ಬೇಕು. ನಿನ್ ಕಾರಲ್ಲೇ ಬತ್ತೀನಿ ಅಂದವ್ಳೆ."

ಬರುವಾಗ ಮಹಾದೇವಮ್ಮ ಮಗುವನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತಿದ್ದಳು.

"ಮೆಲ್ಲಗೆ ಓಗಣ್ಣ," ಎಂದಳು, "ಈಗ ನಿದ್ದೆ ಅತ್ತಿದೆ ಮಗೀಗೆ."

ಪುಟ್ಟಮಲ್ಲಪ್ಪನ ಕಣ್ಣು ಮಂಜಾಯಿತು. ತೋಳಿನಿಂದ ಒರೆಸಿಕೊಂಡು, ವೇಗ ತಗ್ಗಿಸಿ, ಗುಂಡಿಗಳನ್ನು ತಪ್ಪಿಸುತ್ತ ಓಡಿಸಿದ.